ಗುಣಮಟ್ಟ ನಿರ್ವಹಣಾ ಪರಿಶೋಧಕ ವೃತ್ತಿ

ಒಂದು ಸಂಸ್ಥೆಯ ಕೆಲಸದ ವ್ಯವಸ್ಥೆಯು ಗೊತ್ತುಪಡಿಸಿದ ಮಾನಕಕ್ಕೆ, ಸಾಮಾನ್ಯವಾಗಿ ಐಎಸ್‌ಒ 9001ಕ್ಕೆ, ಅನುಗುಣವಾಗಿದೆಯೇ ಎಂಬುದನ್ನು ಪುರಾವೆಗಳ ಆಧಾರದ ಮೇಲೆ ಪರೀಕ್ಷಿಸಿ ವರದಿ ನೀಡುವವರನ್ನು ಗುಣಮಟ್ಟ ನಿರ್ವಹಣಾ ಪರಿಶೋಧಕರು ಎನ್ನುತ್ತಾರೆ. ರೂಢಿಯಲ್ಲಿ ಇವರು ಕ್ವಾಲಿಟಿ ಆಡಿಟರ್ ಅಥವಾ ಐಎಸ್‌ಒ ಆಡಿಟರ್ ಎಂದೇ ಪರಿಚಿತರು. ಹಣಕಾಸಿನ ಲೆಕ್ಕಪರಿಶೋಧನೆಗಿಂತ ಇದು ಬೇರೆ. ಇಲ್ಲಿ ಪರಿಶೀಲನೆಗೆ ಒಳಗಾಗುವುದು ಲೆಕ್ಕಪತ್ರವಲ್ಲ, ಕೆಲಸ ನಡೆಯುವ ರೀತಿ. ಕಾಲೇಜು ಮುಗಿಸಿದ ಕೂಡಲೇ ನೇರವಾಗಿ ಪ್ರವೇಶಿಸುವ ವೃತ್ತಿ ಇದಲ್ಲ. ಕಾರ್ಖಾನೆ, ಆಸ್ಪತ್ರೆ, ಪ್ರಯೋಗಾಲಯ ಅಥವಾ ತಂತ್ರಾಂಶ ಕಂಪನಿಗಳಲ್ಲಿ ಹಲವು ವರ್ಷ ದುಡಿದವರು ನಡುವಯಸ್ಸಿನಲ್ಲಿ ಇದರತ್ತ ಹೊರಳುವುದು ಸಾಮಾನ್ಯವಾಗಿದೆ.

ಹಿನ್ನೆಲೆ

ಬ್ರಿಟನ್ನಿನಲ್ಲಿ 1979ರಲ್ಲಿ ಪ್ರಕಟವಾದ ಬಿಎಸ್ 5750 ಮಾನಕವನ್ನು ಆಧರಿಸಿ, ಜಿನೀವಾದಲ್ಲಿ ಕೇಂದ್ರ ಕಚೇರಿ ಹೊಂದಿರುವ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1987ರಲ್ಲಿ ಐಎಸ್‌ಒ 9000 ಸರಣಿಯನ್ನು ಹೊರತಂದಿತು. ಐಎಸ್‌ಒ 9001 ಮಾನಕವು 1994, 2000, 2008 ಮತ್ತು 2015ರಲ್ಲಿ ಪರಿಷ್ಕೃತವಾಯಿತು. 2000ದ ಆವೃತ್ತಿಯು ಪ್ರಕ್ರಿಯೆಗಳಿಗೆ ಒತ್ತು ನೀಡಿತು. 2015ರ ಆವೃತ್ತಿಯು ಅಪಾಯಗಳನ್ನು ಮುಂಚಿತವಾಗಿ ಗುರುತಿಸುವ ಚಿಂತನೆಯನ್ನು ತಂದಿತಲ್ಲದೆ, ಗುಣಮಟ್ಟ ಕೈಪಿಡಿ ಇರಲೇಬೇಕೆಂಬ ಷರತ್ತನ್ನು ಕೈಬಿಟ್ಟಿತು. ಹಿಂದಿನ ಆವೃತ್ತಿಗಳ ಕಾಲದಲ್ಲಿ ಕಡತಗಳನ್ನು ಸಿದ್ಧಪಡಿಸಿ ಅನುಭವ ಪಡೆದವರು ಮಾನಕವನ್ನು ಹೊಸದಾಗಿಯೇ ಓದಬೇಕಾಗುತ್ತದೆ.

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಸ್ವತಃ ಯಾರಿಗೂ ಪ್ರಮಾಣಪತ್ರ ನೀಡುವುದಿಲ್ಲ. ಆ ಕೆಲಸವನ್ನು ಪ್ರತ್ಯೇಕ ಪ್ರಮಾಣೀಕರಣ ಸಂಸ್ಥೆಗಳು ಮಾಡುತ್ತವೆ. ಭಾರತದಲ್ಲಿ ಇಂತಹ ಸಂಸ್ಥೆಗಳನ್ನು ಪರೀಕ್ಷಿಸಿ ಮಾನ್ಯತೆ ನೀಡುವುದು ಎನ್‌ಎಬಿಸಿಬಿ. ಇದು 1997ರಲ್ಲಿ ಸ್ಥಾಪನೆಯಾದ ಭಾರತೀಯ ಗುಣಮಟ್ಟ ಮಂಡಳಿಯ ಅಂಗ.

ಹಿಂದಿನ ವೃತ್ತಿಯ ಅನುಭವ

ಪ್ರಮಾಣೀಕರಣ ಸಂಸ್ಥೆಗಳು ಉದ್ಯಮಗಳನ್ನು ವಿಂಗಡಿಸಲು ಅಂತರರಾಷ್ಟ್ರೀಯ ಮಾನ್ಯತಾ ವೇದಿಕೆಯು ರೂಪಿಸಿದ 39 ಆರ್ಥಿಕ ವಲಯಗಳ ಪಟ್ಟಿಯನ್ನು ಬಳಸುತ್ತ ಬಂದಿವೆ. ಇದರಲ್ಲಿ ಆಹಾರ ಪದಾರ್ಥಗಳು 3ನೇ ವಲಯ, ಲೋಹ ಮತ್ತು ಲೋಹದ ಉತ್ಪನ್ನಗಳು 17ನೇ ವಲಯ, ಮಾಹಿತಿ ತಂತ್ರಜ್ಞಾನ 33ನೇ ವಲಯ, ಆರೋಗ್ಯ ಸೇವೆ 38ನೇ ವಲಯ. ಪರಿಶೋಧಕರನ್ನು ಅವರ ಶಿಕ್ಷಣ ಮತ್ತು ಕೆಲಸದ ಅನುಭವಕ್ಕೆ ಹೊಂದುವ ವಲಯಗಳಿಗೆ ಮಾತ್ರ ಅನುಮೋದಿಸಲಾಗುತ್ತದೆ. ಹೀಗಾಗಿ ಫೌಂಡ್ರಿಯಲ್ಲಿ ಇಪ್ಪತ್ತು ವರ್ಷ ದುಡಿದ ಮೇಲ್ವಿಚಾರಕರಿಗೆ ಲೋಹದ ವಲಯವು ಸಹಜವಾಗಿ ತೆರೆದುಕೊಳ್ಳುತ್ತದೆ. ಆಸ್ಪತ್ರೆಯ ಪರಿಶೋಧನೆ ಅವರಿಗೆ ಸಿಗುವುದು ಕಷ್ಟ. ವೃತ್ತಿ ಬದಲಾವಣೆ ಎಂದು ಇದನ್ನು ಕರೆದರೂ, ಹಳೆಯ ವೃತ್ತಿಯೇ ಇಲ್ಲಿ ಮೂಲ ಬಂಡವಾಳ. ಅದನ್ನು ಪೂರ್ಣವಾಗಿ ಬಿಟ್ಟುಬರುವ ಉದ್ದೇಶವುಳ್ಳವರಿಗೆ ಈ ದಾರಿ ನಿರಾಶೆ ತರಬಹುದು.

ತರಬೇತಿ ಮತ್ತು ಅರ್ಹತೆ

ಈ ವೃತ್ತಿಯ ಪ್ರಸಿದ್ಧ ಪ್ರವೇಶದ್ವಾರ ‘ಲೀಡ್ ಆಡಿಟರ್’ ತರಬೇತಿ. ಸಾಮಾನ್ಯವಾಗಿ ಇದು 5 ದಿನಗಳ, ಸುಮಾರು 40 ಗಂಟೆಗಳ ತರಗತಿ. ಕೊನೆಯಲ್ಲಿ ಪರೀಕ್ಷೆ ಇರುತ್ತದೆ. ಬ್ರಿಟನ್ನಿನ ಐಆರ್‌ಸಿಎ ಮೊದಲಾದ ಸಂಸ್ಥೆಗಳು ಇಂತಹ ತರಗತಿಗಳಿಗೆ ಮನ್ನಣೆ ನೀಡುತ್ತವೆ. ತರಗತಿಯ ಹೆಸರೇ ಹಲವರನ್ನು ತಪ್ಪುದಾರಿಗೆ ಎಳೆಯುತ್ತದೆ. ಇದರಲ್ಲಿ ತೇರ್ಗಡೆಯಾದವರು ತರಬೇತಿ ಪಡೆದವರಾಗುತ್ತಾರೆಯೇ ಹೊರತು, ತಂಡವನ್ನು ಮುನ್ನಡೆಸುವ ಪರಿಶೋಧಕರಾಗುವುದಿಲ್ಲ. ಮೊದಲು ಅನುಭವಿಗಳ ಜೊತೆ ತರಬೇತಿಯ ಹಂತದ ಪರಿಶೋಧಕರಾಗಿ ಹಲವು ಪರಿಶೋಧನೆಗಳಲ್ಲಿ ಪಾಲ್ಗೊಂಡು, ಅವರ ಕಣ್ಣೆದುರಿನಲ್ಲಿ ಕೆಲಸ ಮಾಡಿ ತೋರಿಸಬೇಕು.

ಪರಿಶೋಧನೆಯ ಮಾರ್ಗಸೂಚಿಯಾದ ಐಎಸ್‌ಒ 19011ರ 2002ರ ಆವೃತ್ತಿಯು ಇದಕ್ಕೆ ಒಂದು ಮಾದರಿ ಅಳತೆಯನ್ನು ಕೊಟ್ಟಿತ್ತು: ಪರಿಶೋಧಕರಾಗಲು ಒಟ್ಟು 5 ವರ್ಷಗಳ ಕೆಲಸದ ಅನುಭವ ಮತ್ತು ಕನಿಷ್ಠ 20 ದಿನಗಳಷ್ಟು 4 ಪೂರ್ಣ ಪರಿಶೋಧನೆಗಳು, ತಂಡದ ಮುಖ್ಯಸ್ಥರಾಗಲು ಮತ್ತೆ 15 ದಿನಗಳಷ್ಟು 3 ಪರಿಶೋಧನೆಗಳು. ನಂತರದ ಆವೃತ್ತಿಗಳು ಸಂಖ್ಯೆಗಳಿಗಿಂತ ಸಾಮರ್ಥ್ಯಕ್ಕೆ ಪ್ರಾಶಸ್ತ್ಯ ನೀಡಿದವು. ಅಮೆರಿಕದ ಎಎಸ್‌ಕ್ಯೂ ಸಂಸ್ಥೆಯ ಗುಣಮಟ್ಟ ಪರಿಶೋಧಕ ಪರೀಕ್ಷೆಗೆ 8 ವರ್ಷಗಳ ಸಂಬಂಧಿತ ಅನುಭವ ಬೇಕು. ಅದರಲ್ಲಿ 3 ವರ್ಷ ನಿರ್ಧಾರ ಕೈಗೊಳ್ಳುವ ಹುದ್ದೆಯಲ್ಲಿ ಕಳೆದಿರಬೇಕು. ಪದವೀಧರರಿಗೆ ಒಟ್ಟು ಅವಧಿಯಲ್ಲಿ 4 ವರ್ಷಗಳ ವಿನಾಯಿತಿ ಇದೆ.

ಹೊಸಬರಿಗೆ ನಿಜವಾದ ತೊಡಕು ಎದುರಾಗುವುದು ಪರೀಕ್ಷೆಯಲ್ಲಲ್ಲ, ಈ ಮೊದಲ ಪರಿಶೋಧನಾ ದಿನಗಳನ್ನು ಗಳಿಸುವುದರಲ್ಲಿ. ತರಬೇತಿಯ ಹಂತದಲ್ಲಿರುವವರು ಕಳೆದ ಸಮಯವನ್ನು ಪರಿಶೋಧನೆಯ ಅವಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಟುಂಬದ ಜವಾಬ್ದಾರಿ ಇರುವವರಿಗೆ ಇದು ಸಣ್ಣ ಮಾತಲ್ಲ. ಇರುವ ಉದ್ಯೋಗದಲ್ಲಿಯೇ ಆಂತರಿಕ ಪರಿಶೋಧಕರಾಗಿ ಅಥವಾ ಪೂರೈಕೆದಾರರ ಘಟಕಗಳನ್ನು ಪರಿಶೀಲಿಸುವವರಾಗಿ ಅಭ್ಯಾಸ ಮಾಡಿಕೊಂಡು, ಆ ಬಳಿಕ ಹೊರಬರುವುದು ಹೆಚ್ಚು ಸುರಕ್ಷಿತ ಮಾರ್ಗ.

ಪರಿಶೋಧಕ ಮತ್ತು ಸಲಹೆಗಾರ

ಈ ಎರಡು ಕೆಲಸಗಳನ್ನು ಒಂದೇ ಎಂದು ಭಾವಿಸುವುದುಂಟು. ಸಲಹೆಗಾರರು ವ್ಯವಸ್ಥೆಯನ್ನು ಕಟ್ಟಲು ನೆರವಾಗುತ್ತಾರೆ. ಪರಿಶೋಧಕರು ಕಟ್ಟಿದ್ದನ್ನು ಪರೀಕ್ಷಿಸುತ್ತಾರೆ. ಪ್ರಮಾಣೀಕರಣ ಸಂಸ್ಥೆಗಳಿಗೆ ಅನ್ವಯಿಸುವ ಐಎಸ್‌ಒ/ಐಇಸಿ 17021-1 ಮಾನಕದ ಪ್ರಕಾರ, ಆ ಸಂಸ್ಥೆಗಳು ನಿರ್ವಹಣಾ ವ್ಯವಸ್ಥೆಯ ಸಲಹಾ ಸೇವೆಯನ್ನು ನೀಡುವಂತಿಲ್ಲ. ಒಬ್ಬ ಗ್ರಾಹಕರಿಗೆ ಸಲಹೆ ನೀಡಿದ ವ್ಯಕ್ತಿಯನ್ನು ಅದೇ ಗ್ರಾಹಕರ ಪರಿಶೋಧನೆಗೆ ಕಳುಹಿಸುವ ಮುನ್ನ ಸಲಹಾ ಕೆಲಸ ಮುಗಿದು ಕನಿಷ್ಠ 2 ವರ್ಷಗಳಾದರೂ ಕಳೆದಿರಬೇಕು.

ಒಂದು ಉದಾಹರಣೆಯಿಂದ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಯಂತ್ರಶಾಲೆಯೊಂದರಲ್ಲಿ ಕ್ಯಾಲಿಬ್ರೇಷನ್ ಅವಧಿ ಮುಗಿದ ಮೈಕ್ರೊಮೀಟರ್ ಬಳಕೆಯಲ್ಲಿರುವುದು ಕಂಡುಬಂತು ಎನ್ನೋಣ. ಪರಿಶೋಧಕರು ಆ ಉಪಕರಣದ ಗುರುತಿನ ಸಂಖ್ಯೆ, ಅದರ ಚೀಟಿಯಲ್ಲಿದ್ದ ದಿನಾಂಕ, ಅದರಿಂದ ಅಳೆಯುತ್ತಿದ್ದ ಬಿಡಿಭಾಗ ಇವನ್ನು ದಾಖಲಿಸಿ, ಅಳತೆ ಸಾಧನಗಳ ಕುರಿತ 7.1.5ನೇ ಖಂಡದ ಯಾವ ಷರತ್ತು ಪಾಲನೆಯಾಗಿಲ್ಲ ಎಂಬುದನ್ನು ಬರೆಯುತ್ತಾರೆ. ಅದು ಏಕೆ ಹೀಗಾಯಿತು, ಹೇಗೆ ಸರಿಪಡಿಸಬೇಕು ಎಂಬುದನ್ನು ಸೂಚಿಸುವಂತಿಲ್ಲ. 17021-1 ಮಾನಕವೇ ಅದನ್ನು ತಡೆಯುತ್ತದೆ. ಸಲಹೆಗಾರರಾದರೆ ಉಪಕರಣಗಳ ಪಟ್ಟಿ ತಯಾರಿಸಿಕೊಟ್ಟು, ಅವಧಿ ಮುಗಿಯುವ ಮೊದಲೇ ಎಚ್ಚರಿಸುವ ವ್ಯವಸ್ಥೆಯನ್ನೂ ರೂಪಿಸಬಹುದು.

ಇಪ್ಪತ್ತು ವರ್ಷ ಯಂತ್ರಶಾಲೆಯ ಸಮಸ್ಯೆಗಳನ್ನು ಬಿಡಿಸುತ್ತ ಬಂದ ಎಂಜಿನಿಯರಿಗೆ ಈ ಮೌನ ಸುಲಭವಲ್ಲ. ಉತ್ತರ ಗೊತ್ತಿದ್ದೂ ಹೇಳದಿರುವುದು ಪರಿಶೋಧನೆಯ ಶಿಸ್ತಿನ ಕಠಿಣ ಭಾಗ. ಕೆಲಸ ಸರಿಮಾಡಿದ ತೃಪ್ತಿಯನ್ನು ಬಯಸುವವರಿಗೆ ಸಲಹಾ ಕ್ಷೇತ್ರವೇ ಹೆಚ್ಚು ಹೊಂದುತ್ತದೆ.

ಕೆಲಸದ ಸ್ವರೂಪ ಮತ್ತು ಆದಾಯ

ಪ್ರಮಾಣಪತ್ರದ ಚಕ್ರ 3 ವರ್ಷಗಳದು: ಎರಡು ಹಂತಗಳ ಆರಂಭಿಕ ಪರಿಶೋಧನೆ, ವರ್ಷಕ್ಕೊಮ್ಮೆ ನಿಗಾ ಪರಿಶೋಧನೆ, ಕೊನೆಯಲ್ಲಿ ಮರುಪ್ರಮಾಣೀಕರಣ. ಮಾನ್ಯತಾ ವೇದಿಕೆಯ ಕೋಷ್ಟಕದಂತೆ 5 ಜನರವರೆಗಿನ ಸಂಸ್ಥೆಯ ಆರಂಭಿಕ ಪರಿಶೋಧನೆಗೆ 1.5 ದಿನ, 86ರಿಂದ 125 ಜನರಿರುವ ಸಂಸ್ಥೆಗೆ 7 ದಿನ ಮೂಲ ಅವಧಿ. ನಿಗಾ ಪರಿಶೋಧನೆಗೆ ಇದರ ಸುಮಾರು ಮೂರನೇ ಒಂದು ಭಾಗ ಸಾಕು. ಸ್ವತಂತ್ರ ಪರಿಶೋಧಕರಿಗೆ ಸಂಭಾವನೆ ಸಿಗುವುದು ಈ ದಿನಗಳ ಲೆಕ್ಕದಲ್ಲಿ. ಆದ್ದರಿಂದ ಮಾಸಿಕ ಸಂಬಳದ ಭದ್ರತೆ ಇಲ್ಲ, ಪ್ರಯಾಣ ಹೆಚ್ಚು, ವರದಿ ಬರೆಯುವ ಕೆಲಸ ಹಲವೊಮ್ಮೆ ರಾತ್ರಿಯವರೆಗೂ ಮುಂದುವರಿಯುತ್ತದೆ.

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಐಎಸ್‌ಒ 9001ರ ಜೊತೆಗೆ ವಾಹನ ಬಿಡಿಭಾಗಗಳಿಗೆ ಐಎಟಿಎಫ್ 16949, ವೈಮಾನಿಕ ಬಿಡಿಭಾಗಗಳಿಗೆ ಎಎಸ್ 9100 ಮಾನಕಗಳ ಪರಿಣತಿಗೂ ಅವಕಾಶವಿದೆ. ಇವುಗಳ ಪರಿಶೋಧಕರಿಗೆ ಅರ್ಹತೆಯ ನಿಯಮಗಳು ಪ್ರತ್ಯೇಕವಾಗಿದ್ದು, ಹೆಚ್ಚು ಬಿಗಿಯಾಗಿವೆ.

ಮಾನ್ಯತೆಯಿಲ್ಲದ ಸಂಸ್ಥೆಗಳು

ಯಾವುದೇ ಮಾನ್ಯತೆ ಪಡೆಯದೆ, ಸ್ಥಳಕ್ಕೆ ಭೇಟಿಯನ್ನೂ ನೀಡದೆ ಪ್ರಮಾಣಪತ್ರ ಮಾರುವವರೂ ಮಾರುಕಟ್ಟೆಯಲ್ಲಿದ್ದಾರೆ. ಕೆಲಸಕ್ಕಾಗಿ ಕಾತರದಿಂದಿರುವ ಹೊಸ ಪರಿಶೋಧಕರನ್ನು ಇಂತಹವರು ಬೇಗನೆ ಸೇರಿಸಿಕೊಳ್ಳುತ್ತಾರೆ. ಆದರೆ ಅಲ್ಲಿ ಗಳಿಸಿದ ಪರಿಶೋಧನಾ ದಿನಗಳನ್ನು ಮಾನ್ಯತೆ ಪಡೆದ ಸಂಸ್ಥೆಗಳು ಪರಿಗಣಿಸುವ ಸಂಭವ ಕಡಿಮೆ. ತಾವು ಸೇರಲಿರುವ ಸಂಸ್ಥೆಗೆ ಮಾನ್ಯತೆ ಇದೆಯೇ, ಯಾವ ವಲಯಗಳಿಗೆ ಇದೆ ಎಂಬುದನ್ನು ಎನ್‌ಎಬಿಸಿಬಿ ತನ್ನ ಜಾಲತಾಣದಲ್ಲಿ ಪ್ರಕಟಿಸುವ ಪಟ್ಟಿಯಲ್ಲಿ ನೋಡಬಹುದು.