ಬೆಂಕಿಗಿಂತ ಸರಪಳಿಯೇ ಅಪಾಯ

ಯೆರವಡಾ ಅಂದ ಕೂಡಲೇ ನಮಗೆ ನೆನಪಾಗುವುದು ಗಾಂಧೀಜಿ ಇದ್ದ ಜೈಲು. ಪುಣೆಯ ಅದೇ ಯೆರವಡಾದಲ್ಲಿ ಮಹಾರಾಷ್ಟ್ರದ ಅತಿದೊಡ್ಡ ಸರಕಾರಿ ಮಾನಸಿಕ ಆಸ್ಪತ್ರೆಯೂ ಇದೆ. ಹಾಸಿಗೆಗಳೇ ಎರಡು ಸಾವಿರಕ್ಕಿಂತ ಹೆಚ್ಚು. ಇಂಥ ಆಸ್ಪತ್ರೆಗಳ ಮಾತು ಬಂದರೆ ಜನ ಕೇಳುವುದುಂಟು: "ಅವರ ಕೈಗೆ ಬೆಂಕಿಪೊಟ್ಟಣ ಸಿಕ್ಕರೆ ಗತಿಯೇನು?"

ಈ ಭಯ ಪೂರ್ತಿ ಸುಳ್ಳಲ್ಲ. ಕೆಲವು ರೋಗಿಗಳು ಹಾಸಿಗೆಗೋ ಬಟ್ಟೆಗೋ ಬೆಂಕಿ ಹಚ್ಚುವುದುಂಟು. ಆದರೆ ಯಾಕೆ ಹಚ್ಚುತ್ತಾರೆ ಅಂತ ನಾವು ಕೇಳುವುದಿಲ್ಲ.

ಬೆಂಕಿ ಹಚ್ಚುವ ಹಂಬಲವೇ ರೋಗವಾದರೆ ವೈದ್ಯರು ಅದನ್ನು ಪೈರೋಮೇನಿಯಾ ಎನ್ನುತ್ತಾರೆ. ಹಚ್ಚುವ ಮೊದಲು ಚಡಪಡಿಕೆ, ಹಚ್ಚಿದ ಮೇಲೆ ನಿರಾಳ. ಇದು ಬಹಳ ಅಪರೂಪ. ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಬೇರೆಯೇ ಇರುತ್ತದೆ. ಒಬ್ಬನಿಗೆ ಕಿವಿಯಲ್ಲಿ ಕೇಳುವ ಧ್ವನಿ ಅಪ್ಪಣೆ ಕೊಡುತ್ತದೆ. ಇನ್ನೊಬ್ಬನಿಗೆ ಬುದ್ಧಿ ಬೆಳವಣಿಗೆ ಕಡಿಮೆ, ಮುಂದೇನಾಗುತ್ತದೆ ಅನ್ನುವ ಅಂದಾಜೇ ಇರುವುದಿಲ್ಲ. ಮತ್ತೊಬ್ಬರಿಗೆ ಸಾಯಬೇಕು ಅನಿಸಿರುತ್ತದೆ. ಎಷ್ಟೋ ಸಲ ಅದು ಬೀಡಿಯ ಕಿಡಿ ಅಷ್ಟೇ. ಇನ್ನು ಕೆಲವರಿಗೆ ಬೆಂಕಿಯೇ ಮಾತು. ವರ್ಷಗಟ್ಟಲೆ ಮನೆಯವರು ತಿರುಗಿ ನೋಡದಿದ್ದಾಗ, ಕರೆದರೂ ಯಾರೂ ಬಾರದಿದ್ದಾಗ, ಹೊಗೆ ಎದ್ದರೆ ಎಲ್ಲರೂ ಓಡಿ ಬರುತ್ತಾರೆ ಎಂಬುದು ಅವರಿಗೆ ಗೊತ್ತು.

1829ರಲ್ಲಿ ಇಂಗ್ಲೆಂಡಿನ ಯಾರ್ಕ್ ಮಿನ್‌ಸ್ಟರ್ ಚರ್ಚಿಗೆ ಬೆಂಕಿ ಇಟ್ಟ ಜೊನಾಥನ್ ಮಾರ್ಟಿನ್, ದೇವರೇ ತನ್ನಿಂದ ಇದನ್ನು ಮಾಡಿಸಿದ ಎಂದು ನಂಬಿದ್ದ. ನ್ಯಾಯಾಲಯ ಅವನನ್ನು ಗಲ್ಲಿಗೇರಿಸಲಿಲ್ಲ, ಮಾನಸಿಕ ಆಸ್ಪತ್ರೆಗೆ ಕಳಿಸಿತು. ಇನ್ನೂರು ವರ್ಷಗಳ ಹಿಂದೆಯೇ ಕಾನೂನಿಗೆ ಇಷ್ಟು ತಿಳಿದಿತ್ತು.

ನಮ್ಮಲ್ಲಿ ಈ ಭಯಕ್ಕೆ ಕಂಡುಕೊಂಡ ಮದ್ದು ಸರಪಳಿ. ಯೆರವಡಾದ ಹೆಸರನ್ನೇ ಹೋಲುವ ಇನ್ನೊಂದು ಊರಿದೆ, ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿ. ಅಲ್ಲಿನ ದರ್ಗಾಕ್ಕೆ ಶಿಫಾ ಬೇಡಿ ಎಲ್ಲ ಧರ್ಮದವರೂ ಮಾನಸಿಕ ರೋಗಿಗಳನ್ನು ಕರೆತರುತ್ತಿದ್ದರು. ಸುತ್ತಮುತ್ತ ಖಾಸಗಿಯವರು ಶೆಡ್ಡುಗಳನ್ನು ಕಟ್ಟಿಕೊಂಡು ದುಡ್ಡಿಗೆ ಅವರನ್ನು ಇಟ್ಟುಕೊಳ್ಳುತ್ತಿದ್ದರು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥ ಒಂದು ಶೆಡ್ಡಿಗೆ ಬೆಂಕಿ ಬಿತ್ತು. ರೋಗಿಗಳು ಸರಪಳಿಯಲ್ಲಿದ್ದರು, ಓಡಲಾಗಲಿಲ್ಲ. 28 ಮಂದಿ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಂ ಪ್ರಕಾರ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ.

ಹಾಗಾದರೆ ಏನು ಮಾಡಬೇಕು? ಹಿಂದೆ ಯಾವತ್ತಾದರೂ ಬೆಂಕಿ ಹಚ್ಚಿದ್ದರೆ, ಆಸ್ಪತ್ರೆಗೆ ಸೇರಿಸುವಾಗ ಮರ್ಯಾದೆ ಹೋಗುತ್ತದೆಂದು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಯಾವಾಗ, ಯಾವ ಸಿಟ್ಟಿನಲ್ಲಿ, ಯಾವ ದುಃಖದಲ್ಲಿ ಅನ್ನುವುದನ್ನೂ ಹೇಳಬೇಕು. ಮಾತ್ರೆ ನಿಲ್ಲಿಸಬಾರದು. ವಾರ್ಡಿನಲ್ಲಿ ಬೆಂಕಿಪೊಟ್ಟಣ, ಲೈಟರ್ ಮೇಲೆ ಕಣ್ಣಿರಬೇಕು, ಹೊಗೆ ಬಂದಾಗ ಬಾಗಿಲು ತಕ್ಷಣ ತೆರೆಯುವಂತಿರಬೇಕು. ದುಆ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಮದ್ದನ್ನೂ ಕೊಡಿಸಿ.

ಮತ್ತೆ, ಆಗಾಗ ಹೋಗಿ ನೋಡಿ ಬನ್ನಿ. ತನ್ನನ್ನು ಕೇಳುವವರಿದ್ದಾರೆ ಅಂತ ಗೊತ್ತಾದರೆ ಹೊಗೆ ಎಬ್ಬಿಸಿ ಕರೆಯಬೇಕಾದ ಅಗತ್ಯ ಎಷ್ಟೋ ಜನರಿಗೆ ಬರುವುದೇ ಇಲ್ಲ.