ಸಾರ್ವಜನಿಕ ಕೋಶಗಳ ಸ್ಥಳಾಂತರ

ಯಾವ ಕಛೇರಿಯ ಪತ್ರವ್ಯವಹಾರದಲ್ಲಿಯೂ ಒಬ್ಬ ವ್ಯಕ್ತಿಗೆಂದು ಸೇರದ, ಆದರೆ ಎಲ್ಲರ ಕೆಲಸಕ್ಕೂ ಬೇಕಾದ ಒಂದು ಭಾಗವಿರುತ್ತದೆ. ಗುತ್ತಿಗೆದಾರರಿಂದ ಬಂದ ಟೆಂಡರು ಪತ್ರಗಳು, ಗ್ರಾಹಕರ ದೂರುಗಳು, ಸಭಾಕೊಠಡಿ ಯಾವ ದಿನ ಯಾರ ಪಾಲಿಗೆಂಬುದನ್ನು ಸೂಚಿಸುವ ಕ್ಯಾಲೆಂಡರು, ನಿವೃತ್ತರಾಗಿ ಹೋದ ಅಧಿಕಾರಿಯೊಬ್ಬರು ವಿವಾದವೊಂದರ ಮೂಲವನ್ನು ವಿವರಿಸಿ ಬರೆದಿಟ್ಟ ಟಿಪ್ಪಣಿ, ಇವೆಲ್ಲವೂ ಯಾರೋ ಒಬ್ಬರ ಅಂಚೆಪೆಟ್ಟಿಗೆಯೊಳಗೆ ಅಡಗಿದ್ದರೆ ಅವರು ರಜೆಯ ಮೇಲೆ ಹೋದ ದಿನ ಮಿಕ್ಕವರೆಲ್ಲ ಕೈಕಟ್ಟಿ ಕುಳಿತಿರಬೇಕಾಗುತ್ತದೆ. ಈ ತೊಡಕಿನ ಪರಿಹಾರಕ್ಕೆಂದು ಇಮೇಲ್ ವ್ಯವಸ್ಥೆಗಳಲ್ಲಿ ಹಂಚಿಕೆಯ ಕೋಶಗಳು ಹುಟ್ಟಿಕೊಂಡುವು. ಅವುಗಳಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಗೆ ಬಂದುದು, ಮೈಕ್ರೋಸಾಫ್ಟ್ ಸಂಸ್ಥೆ 1996ರಲ್ಲಿ ಹೊರತಂದ ಎಕ್ಸ್‌ಚೇಂಜ್ ಸರ್ವರಿನ ಮೊದಲ ಆವೃತ್ತಿಯಿಂದಲೇ ಇರುವ ಪಬ್ಲಿಕ್ ಫೋಲ್ಡರ್ ಎಂಬ ಏರ್ಪಾಡು. ಅದನ್ನು ನಾವು ಸಾರ್ವಜನಿಕ ಕೋಶವೆಂದು ಕರೆಯೋಣ. ಸಂಸ್ಥೆಯ ಸ್ವಂತ ಕಟ್ಟಡದಲ್ಲಿ ಮೊರೆಯುತ್ತ ಬಂದಿರುವ ಸರ್ವರಿನಿಂದ ಈ ಕೋಶಗಳನ್ನು ಕ್ಲೌಡಿಗೆ ಸಾಗಿಸುವ ಕಾರ್ಯವೇ ಈ ಅಧ್ಯಾಯದ ವಿಷಯ.

ಮೊದಲಿನ ಕಾಲದಲ್ಲಿ ಈ ಕೋಶಗಳ ಶೇಖರಣೆಯ ರೀತಿಯೇ ಬೇರೆಯಾಗಿದ್ದಿತು. ದೂರದ ಶಾಖೆಗಳ ನಡುವಣ ಸಂಪರ್ಕ ಮಂದಗತಿಯದಾಗಿದ್ದುದರಿಂದ ಒಂದೇ ಕೋಶದ ಪ್ರತಿಗಳನ್ನು ಹಲವು ಸರ್ವರುಗಳಲ್ಲಿ ಇರಿಸಿ, ಒಂದೆಡೆ ಆದ ಬದಲಾವಣೆಯನ್ನು ಇನ್ನೊಂದೆಡೆಗೆ ಇಮೇಲ್ ಸಂದೇಶಗಳ ಮೂಲಕವೇ ತಿಳಿಸುವ ಪದ್ಧತಿ 2010ರ ಆವೃತ್ತಿಯವರೆಗೂ ನಡೆದುಬಂದಿತು. ಎಲ್ಲ ಪ್ರತಿಗಳೂ ಸಮಾನ ಅಧಿಕಾರದವು. ಯಾವುದರಲ್ಲಿ ಬೇಕಾದರೂ ತಿದ್ದಬಹುದು. ಒಂದೇ ಟಿಪ್ಪಣಿಯನ್ನು ಎರಡು ಊರುಗಳಲ್ಲಿ ಇಬ್ಬರು ಏಕಕಾಲಕ್ಕೆ ತಿದ್ದಿದರೆ ವ್ಯವಸ್ಥೆಯು ವಿರೋಧವನ್ನು ಸೂಚಿಸಿ ಇತ್ಯರ್ಥವನ್ನು ಮನುಷ್ಯರಿಗೇ ಬಿಡುತ್ತಿದ್ದಿತು. 2013ರ ಆವೃತ್ತಿಯಲ್ಲಿ ಈ ರಚನೆಯನ್ನು ಸಂಪೂರ್ಣವಾಗಿ ಕೈಬಿಟ್ಟು, ಸಾರ್ವಜನಿಕ ಕೋಶಗಳನ್ನೂ ಸಾಮಾನ್ಯ ಅಂಚೆಪೆಟ್ಟಿಗೆಯಂತಹ ಪೆಟ್ಟಿಗೆಗಳಲ್ಲಿಯೇ ಇರಿಸತೊಡಗಿದರು. ಇಂಥ ಪೆಟ್ಟಿಗೆಗಳಲ್ಲಿ ಒಂದು ಮಾತ್ರ ಪ್ರಧಾನವಾದುದು. ಕೋಶಗಳ ಸಮಗ್ರ ವೃಕ್ಷದ, ಎಂದರೆ ಯಾವ ಕೋಶದೊಳಗೆ ಯಾವ ಕೋಶವಿದೆಯೆಂಬ ಶ್ರೇಣಿಯ, ತಿದ್ದಬಹುದಾದ ಮೂಲಪ್ರತಿ ಅದೊಂದರಲ್ಲಿಯೇ ಇರುತ್ತದೆ. ಉಳಿದವುಗಳಲ್ಲಿ ಇರುವುದು ಓದಲು ಮಾತ್ರ ಬರುವ ನಕಲು. ಕ್ಲೌಡಿನಲ್ಲಿ ಇರುವುದೂ ಇದೇ ರಚನೆಯಾದುದರಿಂದ ಸ್ಥಳಾಂತರವನ್ನು ಕುರಿತು ಆಲೋಚಿಸುವವರು ಈ ಪ್ರಧಾನ ಪೆಟ್ಟಿಗೆಯ ವಿಚಾರವನ್ನು ನೆನಪಿನಲ್ಲಿಡತಕ್ಕದ್ದು.

2007ರ ಆವೃತ್ತಿಯಲ್ಲಿ ವಿಳಾಸಪುಸ್ತಕ ಮೊದಲಾದ ಕೆಲವು ಕಾರ್ಯಗಳನ್ನು ಸಾರ್ವಜನಿಕ ಕೋಶಗಳ ಆಶ್ರಯದಿಂದ ಬಿಡಿಸಿದಾಗ, ಈ ಏರ್ಪಾಡಿನ ಆಯುಷ್ಯ ಮುಗಿಯುತ್ತ ಬಂದಿತೆಂದೇ ಬಹುಮಂದಿ ಭಾವಿಸಿದರು. ಅದು ಮುಗಿಯಲಿಲ್ಲ. ಹತ್ತಾರು ವರ್ಷಗಳ ವ್ಯವಹಾರ ಅಲ್ಲಿ ಶೇಖರವಾಗಿದ್ದಿತು. ಹೊಸ ಸಾಧನಗಳು ಎಷ್ಟು ಬಂದರೂ ಸಂಸ್ಥೆಗಳು ಅದನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಆಫೀಸ್ 365 ಸೇವೆ 2011ರಲ್ಲಿ ಆರಂಭವಾದ ಮೇಲೆ ನೌಕರರ ವೈಯಕ್ತಿಕ ಅಂಚೆಪೆಟ್ಟಿಗೆಗಳು ಒಂದೊಂದಾಗಿ ಕ್ಲೌಡಿಗೆ ಹೋದುವು. 2015ರಲ್ಲಿ ಪುಣೆ, ಮುಂಬಯಿ, ಚೆನ್ನೈಗಳಲ್ಲಿ ಮೈಕ್ರೋಸಾಫ್ಟಿನ ದತ್ತಾಂಶ ಕೇಂದ್ರಗಳು ತೆರೆದ ಮೇಲೆ ನಮ್ಮ ದೇಶದ ಸಂಸ್ಥೆಗಳಿಗೂ ಇದು ಸುಲಭವಾಯಿತು. ಆದರೆ ಸಾರ್ವಜನಿಕ ಕೋಶಗಳು ಹಳೆಯ ಸರ್ವರಿನಲ್ಲಿಯೇ ಉಳಿದುವು. ಕ್ಲೌಡಿಗೆ ಹೋದ ನೌಕರನು ಹಿಂದಿನ ಸರ್ವರಿನ ಕೋಶಗಳನ್ನು ಮಿಶ್ರ ವ್ಯವಸ್ಥೆಯ ಮೂಲಕ ತೆರೆಯಬಹುದಾದುದರಿಂದ ಅವಸರವೇನೂ ಇರಲಿಲ್ಲ. ಈಗ ಆ ನಿಶ್ಚಿಂತೆ ಇಲ್ಲ. 2010ರ ಆವೃತ್ತಿಗೆ ಮೈಕ್ರೋಸಾಫ್ಟಿನ ಬೆಂಬಲ 2020ರ ಅಕ್ಟೋಬರಿನಲ್ಲಿ ನಿಂತಿತು. 2016 ಮತ್ತು 2019ರ ಆವೃತ್ತಿಗಳಿಗೆ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಭದ್ರತೆಯ ತೇಪೆಗಳು ಬಾರದ ಸರ್ವರೊಂದನ್ನು ಕೋಶಗಳ ಸಲುವಾಗಿ ಮಾತ್ರ ಅಂತರ್ಜಾಲಕ್ಕೆ ತೆರೆದಿಟ್ಟಿರುವುದು ಸಂಸ್ಥೆಯ ಸಮಸ್ತ ವ್ಯವಹಾರವನ್ನೇ ಅಪಾಯಕ್ಕೊಡ್ಡಿದಂತೆ.

ಸ್ಥಳಾಂತರವೆಂದೊಡನೆ ಎಷ್ಟು ಗಿಗಾಬೈಟು, ಎಷ್ಟು ದಿನ ಎಂಬ ಪ್ರಶ್ನೆಗಳೇ ಮುಂದೆ ಬರುತ್ತವೆ. ನನ್ನ ಅಭಿಪ್ರಾಯದಲ್ಲಿ ಇವು ಎರಡನೆಯ ದರ್ಜೆಯ ಪ್ರಶ್ನೆಗಳು. ಗಾತ್ರವನ್ನು ಯಂತ್ರ ಹೊರುತ್ತದೆ. ಹಕ್ಕುಗಳ ಭಾರವನ್ನು ಯಾವ ಯಂತ್ರವೂ ಹೊರಲಾರದು. ಸಾರ್ವಜನಿಕ ಕೋಶವು ಹಳ್ಳಿಯ ಗೋಮಾಳವಿದ್ದಂತೆ; ಎಲ್ಲರೂ ಬಳಸುತ್ತಾರೆ, ಅದರ ಮೇರೆ ಎಲ್ಲಿಂದ ಎಲ್ಲಿಗೆಂದು ಯಾರೂ ಕೇಳುವುದಿಲ್ಲ, ಸರ್ವೆಯವನು ಸರಪಳಿ ಹಿಡಿದು ಬಂದ ದಿನವೇ ಒತ್ತುವರಿಗಳೂ ಕಾಣೆಯಾದ ಕಲ್ಲುಗಳೂ ಬೆಳಕಿಗೆ ಬರುತ್ತವೆ. ಸ್ಥಳಾಂತರವೇ ಆ ಸರ್ವೆ. ಸಂಸ್ಥೆಯೊಂದು ತನ್ನ ಸ್ಮೃತಿಯನ್ನು ತಾನೇ ಕುಳಿತು ಓದುವ ಸಂದರ್ಭ ಬೇರೊಂದು ಬರುವುದು ಅಪರೂಪ.

ಒಂದು ಕೋಶವನ್ನು ಹತ್ತಿರದಿಂದ ನೋಡೋಣ. ಇಂಜಿನಿಯರಿಂಗ್ ಸಂಸ್ಥೆಯೊಂದರಲ್ಲಿ ‘ಖರೀದಿ’ ಎಂಬ ಕೋಶವಿದೆಯೆನ್ನಿ. ಅದರ ಅನುಮತಿಯ ಪಟ್ಟಿಯನ್ನು ತೆರೆದರೆ ಮೊದಲಿನ ಎರಡು ಸಾಲುಗಳು ಎಲ್ಲ ಕೋಶಗಳಲ್ಲಿಯೂ ಇರತಕ್ಕವು: ‘ಡೀಫಾಲ್ಟ್’, ಎಂದರೆ ಪಟ್ಟಿಯಲ್ಲಿ ಹೆಸರಿಲ್ಲದ ಸಂಸ್ಥೆಯ ಸಕಲ ನೌಕರರು, ‘ಅನಾನಿಮಸ್’, ಎಂದರೆ ಹೊರಗಿನ ಅನಾಮಧೇಯರು. ಅವುಗಳ ಕೆಳಗೆ ಹೆಸರುಗಳು, ಒಂದೊಂದರ ಮುಂದೆಯೂ ಅಧಿಕಾರದ ಪದವಿ: ಓನರ್, ಎಡಿಟರ್, ಆಥರ್, ರಿವ್ಯೂಅರ್. ಒಡೆಯನು ಉಪಕೋಶಗಳನ್ನು ಸೃಷ್ಟಿಸಿ ಅನುಮತಿಗಳನ್ನೇ ಬದಲಿಸಬಲ್ಲನು. ಎಡಿಟರ್ ಎನಿಸಿದವನು ಯಾರ ಬರೆಹವನ್ನಾದರೂ ತಿದ್ದಬಲ್ಲನು. ಆಥರ್ ತನ್ನದನ್ನು ಮಾತ್ರ ತಿದ್ದಬಲ್ಲನು. ರಿವ್ಯೂಅರ್ ಓದಿ ಸುಮ್ಮನಿರಬೇಕು. ಇಷ್ಟೂ ಸರಿಯೆ. ಆದರೆ ಪಟ್ಟಿಯ ನಡುವೆ ಹೆಸರಿಗೆ ಬದಲಾಗಿ ಎಸ್-1-5-21 ಎಂದು ಆರಂಭವಾಗಿ ಉದ್ದುದ್ದನೆಯ ಅಂಕೆಗಳಲ್ಲಿ ಮುಗಿಯುವ ಸಾಲುಗಳು ಸಿಕ್ಕುತ್ತವೆ. ಕೆಲಸ ಬಿಟ್ಟು ಹೋದವರ ಖಾತೆಗಳನ್ನು ಅಳಿಸಿದ ಮೇಲೆ, ಹೆಸರು ಕಳಚಿಬಿದ್ದು ಉಳಿದುಕೊಂಡ ಅವರ ಗುರುತಿನ ಸಂಖ್ಯೆಗಳಿವು. ಕೆಲವೊಮ್ಮೆ ಇಡೀ ಕೋಶಕ್ಕೆ ಒಡೆಯನೆಂದು ಉಳಿದಿರುವುದು ಇಂಥ ಒಂದು ಸಂಖ್ಯೆ ಮಾತ್ರ. ಸಾಗಿಸುವ ಯಂತ್ರಕ್ಕೆ ಇದು ಯಾರೆಂದು ತಿಳಿಯದು. ಕ್ಲೌಡಿನ ಖಾತೆಗಳಲ್ಲಿ ಸರಿಹೊಂದುವ ಹೆಸರಿಲ್ಲದುದರಿಂದ ಅದು ತಡೆದು ನಿಲ್ಲಬಹುದು, ಇಲ್ಲವೆ ದೋಷಗಳ ಲೆಕ್ಕಕ್ಕೆ ಬರೆದುಕೊಂಡು ಮುಂದೆ ಹೋಗಬಹುದು. ಇದನ್ನು ಅಳಿಸಿಬಿಡುವುದು ಒಂದೆರಡು ಆಜ್ಞೆಗಳ ಕೆಲಸ. ಇದರ ಸ್ಥಾನದಲ್ಲಿ ಯಾರು ನಿಲ್ಲಬೇಕೆಂಬುದನ್ನು ಮಾತ್ರ ಖರೀದಿ ವಿಭಾಗದ ಹಿರಿಯ ಗುಮಾಸ್ತರಲ್ಲದೆ ಬೇರೆ ಯಾರೂ ಹೇಳಲಾರರು. ಅನುಮತಿಗಳ ಪಟ್ಟಿಯನ್ನು ಮುದ್ರಿಸಿಕೊಂಡು ಪ್ರತಿ ವಿಭಾಗದ ಅನುಭವಸ್ಥರೊಡನೆ ಸಾಲು ಸಾಲಾಗಿ ಓದುವ ತಾಳ್ಮೆಯನ್ನು ತೋರದ ಸ್ಥಳಾಂತರವನ್ನು ನಾನು ಸ್ಥಳಾಂತರವೆಂದು ಎಣಿಸಲಾರೆ.

ಆ ಓದಿನಲ್ಲಿಯೇ ಯಾವುದನ್ನು ಸಾಗಿಸಬೇಕು, ಯಾವುದನ್ನು ಬಿಡಬೇಕೆಂಬುದೂ ಗೊತ್ತಾಗುತ್ತದೆ. ನಾಲ್ಕೈದು ಜನ ಸೇರಿ ಒಂದೇ ವಿಳಾಸಕ್ಕೆ ಉತ್ತರ ಬರೆಯುವ ಕೋಶವಿದ್ದರೆ ಅದಕ್ಕೆ ಹಂಚಿಕೆಯ ಅಂಚೆಪೆಟ್ಟಿಗೆಯೇ ತಕ್ಕ ನೆಲೆ. ನಕ್ಷೆ, ಕರಾರು ಮೊದಲಾದ ದಸ್ತಾವೇಜುಗಳನ್ನು ತುಂಬಿಟ್ಟಿದ್ದರೆ ಶೇರ್‌ಪಾಯಿಂಟ್ ಲೇಸು. ಶ್ರೇಣಿಯೊಳಗೆ ಶ್ರೇಣಿಯಾಗಿ, ವರ್ಷವಾರು ವಿಷಯವಾರು ಬೆಳೆದ ಪತ್ರಸಂಗ್ರಹವಾದರೋ ಸಾರ್ವಜನಿಕ ಕೋಶವಾಗಿಯೇ ಹೋಗತಕ್ಕದ್ದು. ಆ ಶ್ರೇಣಿಯೇ ಅದರ ಅರ್ಥ.

ಹೆಸರುಗಳ ವಿಚಾರ ಕ್ಷುದ್ರವೆಂದು ತೋರಿದರೂ ಕಾಡತಕ್ಕದ್ದು. ‘ಒಳಬಂದ\ಹೊರಹೋದ’ ಎಂದು ನಡುವೆ ಓರೆಗೆರೆಯನ್ನಿಟ್ಟು ಯಾರೋ ಒಂದು ಕೋಶಕ್ಕೆ ಹೆಸರಿಟ್ಟಿರುತ್ತಾರೆ. ಬ್ಯಾಕ್‌ಸ್ಲ್ಯಾಶ್ ಎಂಬ ಆ ಗೆರೆಯೇ ಒಂದು ಕೋಶವನ್ನು ಅದರ ಉಪಕೋಶದಿಂದ ಬೇರ್ಪಡಿಸುವ ಚಿಹ್ನೆಯೂ ಆದುದರಿಂದ, ಒಂದೇ ಹೆಸರನ್ನು ಯಂತ್ರವು ಎರಡಾಗಿ ಓದಿ ಆ ಕೋಶವನ್ನು ಸ್ಥಾನಪಲ್ಲಟಗೊಳಿಸುತ್ತದೆ. ಆದ್ದರಿಂದ ಇಂಥ ಹೆಸರುಗಳನ್ನೆಲ್ಲ ಹುಡುಕಿ ಮೊದಲೇ ತಿದ್ದಬೇಕು.

ಇನ್ನು ಗಾತ್ರ. ಕ್ಲೌಡಿನಲ್ಲಿ ಒಂದು ಸಂಸ್ಥೆಗೆ ಹೆಚ್ಚೆಂದರೆ 1000 ಸಾರ್ವಜನಿಕ ಪೆಟ್ಟಿಗೆಗಳು. ಒಂದೊಂದರ ಮಿತಿ 100 ಗಿಗಾಬೈಟು. ಯಾವುದೇ ಒಂದು ಕೋಶ 25 ಗಿಗಾಬೈಟನ್ನು ಮೀರಿದ್ದರೆ ಅದನ್ನು ಒಡೆಯುವುದೋ ಹಗುರಮಾಡುವುದೋ ಅಗತ್ಯ. ಮೈಕ್ರೋಸಾಫ್ಟ್ ಒದಗಿಸುವ ಒಂದು ಸ್ಕ್ರಿಪ್ಟ್, ಎಂದರೆ ಆಜ್ಞೆಗಳ ಸರಣಿ, ಕೋಶಗಳ ಹೆಸರನ್ನೂ ಗಾತ್ರವನ್ನೂ ಎಣಿಸಿಕೊಡುತ್ತದೆ. ಇನ್ನೊಂದು ಸ್ಕ್ರಿಪ್ಟ್ ಆ ಎಣಿಕೆಯನ್ನು ಆಧರಿಸಿ, ಯಾವ ಶಾಖೆ ಕ್ಲೌಡಿನ ಯಾವ ಪೆಟ್ಟಿಗೆಗೆ ಹೋಗಬೇಕೆಂಬ ಎರಡೇ ಅಂಕಣಗಳ ಕೋಷ್ಟಕವನ್ನು ರಚಿಸುತ್ತದೆ. ಯಂತ್ರ ರಚಿಸಿದ ಕೋಷ್ಟಕವನ್ನು ಹಾಗೆಯೇ ಒಪ್ಪಿಕೊಳ್ಳಬೇಕಾಗಿಲ್ಲ. ವರ್ಷಕ್ಕೆ ವರ್ಷ ಉಬ್ಬುತ್ತಿರುವ ಕೋಶಗಳು ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ಬಿದ್ದಿದ್ದರೆ ಬೇರ್ಪಡಿಸುವುದು ವಿವೇಕ. ಪೆಟ್ಟಿಗೆ ತುಂಬುತ್ತ ಬಂದಾಗ ಕ್ಲೌಡು ತಾನಾಗಿಯೇ ಅದನ್ನು ಒಡೆದು ಹಂಚುವುದುಂಟು. ಆದರೂ ಆರಂಭದಲ್ಲಿಯೇ ಅವಕಾಶವಿಟ್ಟು ಕಟ್ಟಿದುದು ಸುಖಕರ.

ಸಾಗಣೆ ನಡೆಯುವುದು ನೌಕರರಿಗೆ ತಿಳಿಯದಂತೆ. ಕ್ಲೌಡಿನಲ್ಲಿ ಖಾಲಿ ಪೆಟ್ಟಿಗೆಗಳನ್ನು ನಿರ್ಮಿಸಿ, ಮೇಲೆ ಹೇಳಿದ ಕೋಷ್ಟಕವನ್ನು ಕೊಟ್ಟು, ‘ಮೈಗ್ರೇಶನ್ ಬ್ಯಾಚ್’ ಎಂಬ ಒಂದು ಗುಚ್ಛವನ್ನು ಆರಂಭಿಸಿದರೆ, ಕ್ಲೌಡೇ ಹಳೆಯ ಸರ್ವರಿನ ಬಾಗಿಲಿಗೆ ಬಂದು ಪತ್ರಗಳನ್ನು ಸೆಳೆದುಕೊಳ್ಳುತ್ತದೆ. ಹಗಲೆಲ್ಲ ಜನರು ಹಳೆಯ ಕೋಶಗಳಲ್ಲಿಯೇ ಓದುತ್ತ ಬರೆಯುತ್ತ ಇರುತ್ತಾರೆ; ಮೊದಲ ಸುತ್ತು ಮುಗಿದ ತರುವಾಯ ದಿನಕ್ಕೊಂದು ಬಾರಿ ಹೊಸದಾಗಿ ಸೇರಿದುದಷ್ಟನ್ನೇ ಸೆಳೆಯುವ ಕ್ರಮ ನಡೆಯುತ್ತಿರುತ್ತದೆ.

ಅನಂತರ ಬರುವುದು ಬೀಗಮುದ್ರೆಯ ಘಟ್ಟ. ಹಳೆಯ ಕಡೆ ಕೋಶಗಳನ್ನೆಲ್ಲ ಮುಚ್ಚಿ, ಕೊನೆಯ ಸುತ್ತಿನಲ್ಲಿ ಉಳಿದುದನ್ನೆಲ್ಲ ಸೆಳೆದುಕೊಳ್ಳುವವರೆಗೆ ಯಾರೂ ಯಾವ ಕೋಶವನ್ನೂ ತೆರೆಯುವಂತಿಲ್ಲ. ಆ ಅವಧಿಯಲ್ಲಿ ಕೋಶಗಳ ವಿಳಾಸಕ್ಕೆ ಬಂದ ಪತ್ರಗಳು ವಿಲೇವಾರಿಯಾಗದೆ ಸಾಲಿನಲ್ಲಿ ಕಾಯುತ್ತವೆ. ಈ ಅವಧಿ ಕೆಲವು ಗಂಟೆಗಳದ್ದಾಗಬಹುದು. ವೃಕ್ಷ ವಿಶಾಲವಾಗಿದ್ದರೆ ದಿನಗಳೇ ಹಿಡಿಯಬಹುದು. ವೈಯಕ್ತಿಕ ಪೆಟ್ಟಿಗೆಗಳನ್ನು ಇಂದು ಹತ್ತು ನಾಳೆ ಇಪ್ಪತ್ತೆಂದು ಕಂತಿನಲ್ಲಿ ಸಾಗಿಸಬಹುದು. ಸಾರ್ವಜನಿಕ ಕೋಶಗಳಿಗೆ ಆ ಸೌಲಭ್ಯವಿಲ್ಲ. ವೃಕ್ಷದ ಮೂಲಪ್ರತಿ ಏಕಕಾಲಕ್ಕೆ ಎರಡು ಕಡೆ ಇರಲಾಗದುದರಿಂದ ಇಡೀ ಸಂಸ್ಥೆ ಒಮ್ಮೆಗೇ ದಾಟಬೇಕು. ಆದಕಾರಣವೇ ಈ ಘಟ್ಟಕ್ಕೆ ಶುಕ್ರವಾರದ ಸಂಜೆಯನ್ನು ಆರಿಸುವುದು ವಾಡಿಕೆಯಾಗಿದೆ. ಹೊರದೇಶದ ಸಂಸ್ಥೆಗಳ ಇಂಥ ಕೆಲಸವನ್ನು ಬೆಂಗಳೂರಿನಲ್ಲಿ ಕುಳಿತು ನಿರ್ವಹಿಸುವ ತರುಣ ತರುಣಿಯರು ಎಷ್ಟೋ ಮಂದಿ. ಅಮೆರಿಕದ ಶುಕ್ರವಾರದ ಸಂಜೆ ಅವರಿಗೆ ಶನಿವಾರದ ನಸುಕು. ಬೇರೆ ಖಂಡದ ಅಪರಿಚಿತ ಸಂಸ್ಥೆಯೊಂದರ ಇಪ್ಪತ್ತು ವರ್ಷದ ಪತ್ರವ್ಯವಹಾರ ಕೆಡದಂತೆ ನಿದ್ದೆಗೆಟ್ಟು ಕಾಯುವ ಅವರ ದುಡಿಮೆಗೆ ಸಲ್ಲಬೇಕಾದ ಗೌರವ ಸಾಕಷ್ಟು ಸಂದಿಲ್ಲವೆಂದೇ ನಾನು ಭಾವಿಸುತ್ತೇನೆ.

ಗುಚ್ಛ ಮುಗಿಯಿತೆಂದು ಪರದೆ ಸಾರಿದೊಡನೆ ಎಲ್ಲರಿಗೂ ಬಾಗಿಲು ತೆರೆಯಬಾರದು. ಒಬ್ಬಿಬ್ಬರು ಪರೀಕ್ಷಕರ ಖಾತೆಗಳನ್ನು ಮಾತ್ರ ಹೊಸ ಕೋಶಗಳ ಕಡೆ ತಿರುಗಿಸಿ ನೋಡುವ ಸೌಕರ್ಯವಿದೆ. ಅವರು ವೃಕ್ಷವನ್ನು ಅಡಿಯಿಂದ ಮುಡಿಯವರೆಗೆ ಬಿಡಿಸಿ, ಹಳೆಯ ಎಣಿಕೆಯನ್ನು ಹೊಸದರೊಡನೆ ತಾಳೆನೋಡಿ, ಖರೀದಿ ಕೋಶದಲ್ಲಿ ಅಧಿಕಾರವಿಲ್ಲದವನು ಬರೆಯಲು ಹೋದರೆ ನಿಜವಾಗಿಯೂ ತಡೆಯುಂಟಾಗುವುದೆ ಎಂದು ಪರೀಕ್ಷಿಸಬೇಕು. ಸ್ವಂತ ಇಮೇಲ್ ವಿಳಾಸವುಳ್ಳ ಕೋಶಗಳ ಮೇಲೆ ವಿಶೇಷ ಗಮನವಿರಬೇಕು. ದೂರುಗಳ ಕೋಶಕ್ಕೆ ಹೊರಗಿನ ಗ್ರಾಹಕರು ಬರೆಯುವುದಾದರೆ, ಆರಂಭದಲ್ಲಿ ಕಂಡ ‘ಅನಾನಿಮಸ್’ ಎಂಬ ಸಾಲಿಗೆ ಹೊಸ ಪತ್ರವನ್ನು ಸೇರಿಸುವಷ್ಟು ಅನುಮತಿ ಇರಲೇಬೇಕು. ಕೋಶದ ವಿಳಾಸ ಕ್ಲೌಡಿನ ಡೈರೆಕ್ಟರಿಗೆ ತಿಳಿದಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಗ್ರಾಹಕನ ಪತ್ರ ಹಿಂದಿರುಗಿ ಹೋಗುತ್ತದೆ. ಕಛೇರಿಯೊಳಗಿನವರಿಗೆ ಅದು ಗೊತ್ತಾಗುವುದೇ ಇಲ್ಲ, ಏಕೆಂದರೆ ಅವರ ಪತ್ರಗಳು ಸರಾಗವಾಗಿ ತಲುಪುತ್ತಿರುತ್ತವೆ. ಹೊರಗಿನ ಖಾತೆಯೊಂದರಿಂದ ಪತ್ರ ಬರೆದು ನೋಡಿದ ಹೊರತು ಈ ಲೋಪ ಪ್ರಕಟವಾಗದು.

ಹಿಂದಿರುಗುವ ಮಾರ್ಗ ಇಲ್ಲವೆಂದಲ್ಲ. ಹಳೆಯ ಕೋಶಗಳ ಬೀಗವನ್ನು ತೆಗೆದು ಮೊದಲಿನ ಸ್ಥಿತಿಗೆ ಮರಳಬಹುದು. ಆದರೆ ಅಷ್ಟರೊಳಗೆ ಕ್ಲೌಡಿನ ಕೋಶಗಳಲ್ಲಿ ಸೇರಿದ ಪತ್ರಗಳು ತಾವಾಗಿ ಹಿಂದೆ ಬರುವುದಿಲ್ಲ. ದಿನ ಕಳೆದಷ್ಟೂ ಮರಳುವುದು ದುಬಾರಿಯಾಗುವುದರಿಂದ ಪರೀಕ್ಷೆಗೆ ತೆಗೆದುಕೊಂಡ ಸಮಯ ಎಂದಿಗೂ ವ್ಯರ್ಥವಲ್ಲ.

ಕೆಲವು ವಾರ ದೂರುಗಳಿಲ್ಲದೆ ಕಳೆದ ಮೇಲೆ ಹಳೆಯದನ್ನು ತೆಗೆಯಬಹುದು. ಸಂಸ್ಥೆಗೆ ಲೆಕ್ಕಪರಿಶೋಧನೆಯ ಅಥವಾ ನ್ಯಾಯಾಲಯದ ಬಾಧ್ಯತೆಗಳಿದ್ದರೆ, ಬೀಗ ಹಾಕಿದ ದಿನದ ಒಂದು ಪ್ರತಿಯನ್ನೂ ಅಂದಿನ ಅನುಮತಿಯ ಪಟ್ಟಿಯನ್ನೂ ಪ್ರತ್ಯೇಕವಾಗಿ ಕಾಯ್ದಿರಿಸತಕ್ಕದ್ದು. ಆಮೇಲೆ ನಕಲು ವೃಕ್ಷವನ್ನು ಹೊತ್ತ ಪೆಟ್ಟಿಗೆಗಳನ್ನು ಮೊದಲು ಅಳಿಸಬೇಕು. ಅವುಗಳಲ್ಲಿ ಒಂದು ಉಳಿದಿದ್ದರೂ ಪ್ರಧಾನ ಪೆಟ್ಟಿಗೆಯನ್ನು ಅಳಿಸಲು ಸರ್ವರು ಸಮ್ಮತಿಸುವುದಿಲ್ಲವಾದುದರಿಂದ ಅದರ ಸರದಿ ಕಟ್ಟಕಡೆಗೆ.