ಶಹಾಬಾದಿನ ಕಲ್ಲೂ ಊರ ಚರ್ಚೂ

ಕ್ಯಾಥೊಲಿಕ ದೇವಾಲಯಗಳ ಶಿಲ್ಪವೆಂದೊಡನೆ ನಮ್ಮಲ್ಲಿ ಹಲವರ ಮನಸ್ಸು ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಜೋಡಿ ಗೋಪುರಗಳತ್ತ ಓಡುವುದು. ಆ ಗೋಪುರಗಳು ನೋಡತಕ್ಕವೇ ಸರಿ. ಆದರೆ ಕಲಬುರಗಿ ಸೀಮೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಗೆ ಹೋಗುವ ವಾಚಕರು ಗೋಪುರಕ್ಕಿಂತ ಮೊದಲು ನೆಲವನ್ನು ನೋಡಬೇಕೆಂದು ನಾವು ಸೂಚಿಸುವೆವು.

ಕಾಗಿಣಾ ಮತ್ತು ಭೀಮಾ ನದಿಗಳ ಬಯಲಿನಲ್ಲಿ ಸುಣ್ಣಕಲ್ಲು ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಮಲಗಿರುವುದು. ಕಲ್ಲುಕುಟಿಗನು ಪದರದ ಸಂದು ಹಿಡಿದು ಎಬ್ಬಿಸಿದರೆ ಸಮತಟ್ಟಾದ ಚಪ್ಪಡಿಯೇ ಏಳುವುದು. ಇದನ್ನೇ ಜನರು ಪರಸಿ ಎನ್ನುವರು. ಹೊರನಾಡುಗಳಲ್ಲಿ ಇದು ಶಹಾಬಾದ ಕಲ್ಲೆಂದು ಪ್ರಸಿದ್ಧ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, ಅಶೋಕ ಮಹಾರಾಜನ ಮೂರ್ತಿಯನ್ನು ಹೆಸರಿನೊಡನೆ ಕೆತ್ತಿದ್ದು ಈ ಸೀಮೆಯ ಸುಣ್ಣಕಲ್ಲಿನಲ್ಲಿಯೇ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದಿತು. ಅಲ್ಲಿಯ ಕೋಟೆಯ ಗೋಡೆಗಳಲ್ಲಿಯೂ ಈ ಕಲ್ಲನ್ನೇ ಕಾಣುವೆವು. ಚಿಂಚೋಳಿಯ ಬಡಗಣ ಎತ್ತರಗಳಲ್ಲಿ ಮಾತ್ರ ಬೀದರದಂತೆ ಕೆಂಪು ಜಂಬಿಟ್ಟಿಗೆಯುಂಟು.

ಈ ಭಾಗಕ್ಕೆ ಕ್ರೈಸ್ತರು ಹೊಸಬರಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೂ ಕ್ಯಾಥೊಲಿಕ ಸಮಾಜವೊಂದು ಬಾಳುತ್ತಿರುವುದು. 1874ರಲ್ಲಿ ವಾಡಿಯಿಂದ ಹೈದರಾಬಾದಿನತ್ತ ರೈಲುದಾರಿ ತೆರೆಯಿತು. ಆ ದಾರಿಯೂ, ಮುಂದೆ ಬಂದ ಸಿಮೆಂಟಿನ ಕಾರ್ಖಾನೆಗಳೂ ನಾನಾ ಭಾಷೆಯ, ನಾನಾ ಮತದ ದುಡಿಮೆಗಾರರನ್ನು ಇತ್ತ ಕರೆತಂದವು. 2005ರಲ್ಲಿ ಕಲಬುರಗಿಯೇ ಒಂದು ಧರ್ಮಪ್ರಾಂತ್ಯವಾಯಿತು.

ಕ್ಯಾಥೊಲಿಕ ದೇವಾಲಯಕ್ಕೆ ಬೇಕಾದುದು ವೈಭವವಲ್ಲ. ಪೂಜೆಗೊಂದು ಬಲಿಪೀಠ, ಜನರು ಕೂಡಲು ಉದ್ದನೆಯ ಅಂಗಣ, ಜ್ಞಾನಸ್ನಾನದ ತೊಟ್ಟಿ, ಗೋಡೆಯ ಮೇಲೆ ಕ್ರಿಸ್ತನ ಯಾತನೆಯ 14 ಚಿತ್ರಗಳು, ಕರೆಯಲೊಂದು ಗಂಟೆ: ಇಷ್ಟಿದ್ದರೆ ಸಾಕು. ಉಳಿದುದನ್ನು ಆಯಾ ಊರೇ ಒದಗಿಸಬೇಕು. ಈ ಊರುಗಳಲ್ಲಿ ಮನೆಗೂ ಮಠಕ್ಕೂ ಮಸೀದಿಗೂ ಚರ್ಚಿಗೂ ಕೈಗೆಟಕುವ ಹಾಸು ಪರಸಿಯೇ. ಮತಗಳು ಬೇರೆಯಾದರೂ ಮೊಣಕಾಲೂರುವ ನೆಲ ಒಂದೇ!

ಈ ಸ್ವತ್ತಿಗೆ ಈಗ ಕುತ್ತು ಬಂದಿರುವುದು. ಹೊಳೆಯುವ ಟೈಲ್ಸಿನ ಮೋಹದಿಂದ ಹಳೆಯ ಚಪ್ಪಡಿಗಳನ್ನು ಕಿತ್ತೆಸೆಯುವುದು ಎಲ್ಲೆಡೆಯೂ ರೂಢಿಯಾಗುತ್ತಿದೆ. ಬೇಸಗೆಯಲ್ಲಿ ತಂಪಾಗಿರುವ, ಸವೆದಷ್ಟೂ ನುಣುಪಾಗುವ ನೆಲವನ್ನು ಬಿಸಾಡಿ ನೀರು ಬಿದ್ದರೆ ಜಾರುವ ನೆಲವನ್ನು ಕೊಳ್ಳುವುದು ಯಾವ ಜಾಣತನ? ಇನ್ನು ಕೆಲವರು ಕಲೆ ತೆಗೆಯಲು ಆಮ್ಲವನ್ನು ಸುರಿಯುವರು. ಸುಣ್ಣಕಲ್ಲು ಆಮ್ಲ ತಾಗಿದೊಡನೆ ನೊರೆಯೆದ್ದು ಕರಗುವುದು. ನಿಂಬೆಯ ರಸವೂ ಅದಕ್ಕೆ ಹಗೆಯೇ. ತಿಳಿಯಾದ ಸಾಬೂನುನೀರೇ ಲೇಸು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಕಲ್ಲೇ ಉದುರುವುದು; ಸುಣ್ಣಕ್ಕೆ ಸುಣ್ಣವೇ ಮದ್ದು.

ಆದಕಾರಣ ಊರಿನ ಚರ್ಚಾಗಲಿ, ಗುಡಿಯಾಗಲಿ, ತಮ್ಮ ಮನೆಯ ಪಡಸಾಲೆಯಾಗಲಿ, ಜೀರ್ಣೋದ್ಧಾರಕ್ಕೆ ಕೈಯಿಕ್ಕುವ ಮುನ್ನ ಹಿರಿಯರು ಒಮ್ಮೆ ಬಾಗಿ ನೆಲವನ್ನು ನೋಡಲಿ. ಒಡೆದ ಒಂದು ಚಪ್ಪಡಿಗೆ ಒಂದೇ ಹೊಸ ಚಪ್ಪಡಿ ಸಾಕು. ಇಡೀ ನೆಲವನ್ನು ಅಗೆಯಬೇಕಾದುದಿಲ್ಲ. ಪರಂಪರೆಯೆಂಬುದು ಯಾವಾಗಲೂ ತಲೆಯೆತ್ತಿ ನೋಡುವ ವಸ್ತುವಲ್ಲ. ಅನೇಕ ವೇಳೆ ಅದು ನಮ್ಮ ಕಾಲಡಿಯಲ್ಲಿಯೇ ಇರುವುದು.